ಜಪಾನಿಗೆ ಹೊರಟ ಇಪ್ಪತ್ತೊಂದು ಕೌದಿಗಳು

ಚಿತ್ತಾಪುರದ ಕೋರ್ಟಿನ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟ ಶಾಂತಕುಮಾರನಿಗೆ ಹಗಲು ಹೊತ್ತಿನಲ್ಲಿ ಯಾರೂ ಹೆದರುತ್ತಿರಲಿಲ್ಲ. ಸಂಜೆ ಆರಕ್ಕೆ ಬಿಳಿ ಅಂಗಿ, ಬಿಳಿ ಪೈಜಾಮ ತೊಟ್ಟು, ನಡುವಿಗೆ ಕಂದು ಬೆಲ್ಟು ಬಿಗಿದು ಓಣಿಯ ಸಮುದಾಯ ಭವನದ ಕಡೆಗೆ ಹೊರಟರೆ ಆಗಲೂ ಯಾರೂ ಹೆದರುತ್ತಿರಲಿಲ್ಲ. ನಾಯಿಗಳು ಮಾತ್ರ ಎದ್ದು ನಿಂತು ದಾರಿ ಬಿಡುತ್ತಿದ್ದವು, ಅದೂ ಮರ್ಯಾದೆಗೆ.

ಅವನು ಕರಾಟೆ ಮಾಸ್ತರ. ವಾಡಿ ಜಂಕ್ಷನ್ನಿನಲ್ಲಿದ್ದ ಒಬ್ಬ ರೈಲ್ವೆ ಗಾರ್ಡಿನ ಹತ್ತಿರ ಎರಡು ಬೇಸಗೆ ಕಲಿತಿದ್ದ. ಗಾರ್ಡು ಕಂದು ಬೆಲ್ಟು ಕಟ್ಟಿ, ಕರಿ ಬೆಲ್ಟು ಮುಂದಿನ ಸಲ ಎಂದು ಹೇಳಿ, ವರ್ಗವಾಗಿ ರೈಲು ಹತ್ತಿ ಹೋದ. ಆ ಮುಂದಿನ ಸಲಕ್ಕೆ ಈಗ ಹದಿನಾರು ವರ್ಷ. ಕಲಬುರಗಿಯಲ್ಲಿ ಮೂರು ಸಲ ಪರೀಕ್ಷೆಗೆ ನಿಂತ. ಮೂರು ಸಲವೂ ಎಲ್ಲರೂ ಬಲಕ್ಕೆ ತಿರುಗಿದಾಗ ಇವನು ಎಡಕ್ಕೆ ತಿರುಗಿ, ಪಕ್ಕದವನ ಮೂಗಿಗೆ ಮೂಗು ಕೊಟ್ಟು ನಿಂತ. ಬೆಲ್ಟು ಒಗೆದು ಒಗೆದು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂದಿತ್ತು. ಆದರೂ ಅದನ್ನು ಹೆಂಡತಿ ಬಸವೇಶ್ವರಿಯ ಬೋರಮಾಳ ಸರದ ಪಕ್ಕದಲ್ಲಿ, ತಿಜೋರಿಯಲ್ಲಿ ಇಡುತ್ತಿದ್ದ.

ಅವನ ಹತ್ತಿರ ಕಲಿಯುವ ಮಕ್ಕಳು ಮೂವತ್ತೆರಡು. ಅವರು ಕಲಿತದ್ದರಲ್ಲಿ ಚೆನ್ನಾಗಿ ಕಲಿತದ್ದು ಬಗ್ಗಿ "ಓಸ್" ಎಂದು ನಮಸ್ಕರಿಸುವುದು. ಅಪ್ಪನಿಗೆ ಓಸ್, ಅವ್ವನಿಗೆ ಓಸ್, ರೇಷನ್ ಅಂಗಡಿಯವನಿಗೆ ಓಸ್, ದಾರಿಯಲ್ಲಿ ಮಲಗಿದ ಎಮ್ಮೆಗೂ ಓಸ್. ಎಮ್ಮೆಯೊಂದೇ ತಿರುಗಿ ನೋಡುತ್ತಿತ್ತು.

ಆ ಭವನದ ಕೀಲಿ ಭಾಗಮ್ಮನ ಸೆರಗಿನ ಗಂಟಿನಲ್ಲಿತ್ತು. ಭಾಗಮ್ಮ ಓಣಿಗೇ ಹಿರಿಯಳು. ವಯಸ್ಸು ಎಂಬತ್ತು ಎಂದು ಆಧಾರ್ ಕಾರ್ಡು ಹೇಳುತ್ತಿತ್ತು, ನೂರಾ ಹತ್ತು ಎಂದು ಅವಳು ಹೇಳುತ್ತಿದ್ದಳು. ಹೋದ ವರ್ಷ ಹೆಂಗಸರು ಭವನದೊಳಗೆ ಹಗ್ಗ ಕಟ್ಟಿ ಶಾವಿಗೆ ಒಣಹಾಕಿದ್ದಾಗ ಮಾಸ್ತರ ಮಕ್ಕಳಿಗೆ ತೋರಿಸಲೆಂದು ಒಂದು ಕಾಲು ಎತ್ತಿದ. ಹಗ್ಗ ಹರಿಯಿತು. ಆರು ಮನೆಯ ಶಾವಿಗೆ ಒಂದೇ ಒದೆತಕ್ಕೆ ನೆಲದ ಪಾಲಾಯಿತು. ಜೀವಮಾನದಲ್ಲಿ ಅವನ ಕಾಲು ಸರಿಯಾಗಿ ಗುರಿ ಮುಟ್ಟಿದ್ದು ಅದೊಂದೇ ಸಲ. ಅಂದಿನಿಂದ ಭಾಗಮ್ಮ ಭವನವನ್ನು ಬಿಡಿಸಿಕೊಳ್ಳಲು ನೆಪ ಹುಡುಕುತ್ತಿದ್ದಳು.

ಹೀಗಿರುವಾಗ ಹೊಸ ವರ್ಷದ ಮೊದಲ ದಿನವೇ ಜಪಾನಿನಲ್ಲಿ ಭೂಮಿ ನಡುಗಿತು. ಮನೆಗಳು ಬಿದ್ದವು, ಜನ ಶಾಲೆಗಳಲ್ಲಿ ಮಲಗಿದರು, ಮೇಲಿಂದ ಹಿಮ. ರಾಜ್ಯದ ಕರಾಟೆ ಸಂಘದವರು ನಾನೂರು ಮಾಸ್ತರರಿಗೂ ವಾಟ್ಸಾಪಿನಲ್ಲಿ ಒಂದೇ ಸಂದೇಶ ಕಳಿಸಿದರು. ಅಲ್ಲಿಯ ಒಂದು ಊರಿನ ಕರಾಟೆ ಶಾಲೆಯವರು ಕಷ್ಟದಲ್ಲಿದ್ದಾರೆ, ನಿಮ್ಮ ಮಕ್ಕಳ ಫೋಟೊ ತೆಗೆದು ಧೈರ್ಯದ ಎರಡು ಮಾತು ಬರೆದು ಕಳಿಸಿ, ಸಾಮಾನು ಕೊಡುವ ಮನಸ್ಸಿದ್ದವರು ಕೆಳಗಿನ ನಿಯಮಗಳ ಪಟ್ಟಿ ಓದಿರಿ ಎಂದು. ಶಾಂತಕುಮಾರ ಮೇಲಿನ ಎರಡು ಸಾಲು ಓದಿದ. ಪಟ್ಟಿ ಉದ್ದವಿತ್ತು, ಬಿಟ್ಟ.

ಚಹಾದ ಅಂಗಡಿಯಲ್ಲಿ ಬಶಿಗೆ ಚಹಾ ಸುರಿದುಕೊಳ್ಳುತ್ತ, ಯಾರೂ ಕೇಳದಿದ್ದರೂ ಹೇಳಿದ. "ಜಪಾನಿಂದ ನನಗೊಂದು ಮೆಸೇಜ್ ಬಂದದ. ಸಹಾಯ ಮಾಡ್ರಿ ಮಾಸ್ತರ ಅಂದಾರ."

ಉಳಿದ ಮುನ್ನೂರಾ ತೊಂಬತ್ತೊಂಬತ್ತು ಮಾಸ್ತರರನ್ನು ಅವನು ಚಹಾದ ಜೊತೆಗೆ ನುಂಗಿಬಿಟ್ಟ.

ಅಲ್ಲೇ ಕೂತಿದ್ದ ಸರ್ದಾರ ಟಂಟಂ ಆಟೊ ಓಡಿಸುವವನು. ಹನ್ನೊಂದು ಗಂಟೆಗೆ ಅವನು ಶಹಾಬಾದ ಮುಟ್ಟುವ ಹೊತ್ತಿಗೆ ಜಪಾನಿನವರು ಶಾಂತಕುಮಾರನಿಗೆ ಫೋನು ಮಾಡಿ ಅತ್ತಿದ್ದರು. ಮಧ್ಯಾಹ್ನ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಶಾಂತಕುಮಾರನಿಗೆ ಜಪಾನಿನಲ್ಲಿ ಒಂದು ಸಂಸಾರವೇ ಇತ್ತು. ಸಂಜೆ ಚಿಂಚೋಳಿಯಲ್ಲಿ ಅವನನ್ನು ಕರೆದೊಯ್ಯಲು ವಿಮಾನ ಹೊರಟಿತ್ತು, ತೆಲಂಗಾಣದ ಗಡಿಯ ಕುಂಚಾವರಂನಲ್ಲಿ ಅದೇ ವಿಮಾನ ತೆಲುಗಿನಲ್ಲಿ ಇಳಿದೂ ಆಗಿತ್ತು.

ಶಾಂತಕುಮಾರ ಮನೆಗೆ ಬಂದಾಗ ಬಸವೇಶ್ವರಿ ಬಾಗಿಲಲ್ಲೇ ಕೂತಿದ್ದಳು.

"ಏನ್ರೀ, ಜಪಾನಿನಾಗ ನಿಮಗೊಬ್ಬಾಕಿ ಹೇಂತಿ ಇದ್ದಾಳಂತ. ಮನಿ ಬಿದ್ದು ಇಲ್ಲಿಗೇ ಬರ್ಲಿಕತ್ತಾಳಂತ. ಸೇಡಂದಿಂದ ನಮ್ಮಕ್ಕ ಫೋನ್ ಮಾಡಿದ್ಳು."

"ನಿಮ್ಮಕ್ಕಗ ಯಾರ್ ಹೇಳಿದ್ರು?"

"ಯಾರರೆ ಹೇಳ್ಲಿ. ಬಂದ್ರ ಆಕಿನ್ನ ಎಲ್ಲಿ ಮಲಗಸ್ತೀರಿ ಹೇಳ್ರಿ. ಇರೋದೇ ಒಂದು ಫ್ಯಾನು."

"ಅಲ್ಲಿ ಹಿಮ ಬೀಳ್ತದ. ಆಕಿಗಿ ಫ್ಯಾನ್ ಬೇಕಾಗಂಗಿಲ್ಲ," ಎಂದ ಶಾಂತಕುಮಾರ. ಇಂಥ ಉತ್ತರ ಕೊಡುವವನು ಸಂಸಾರದಲ್ಲಿ ಹೇಗೆ ಉಳಿದ ಎಂಬುದು ಓಣಿಗೆ ಇಂದಿಗೂ ಬಗೆಹರಿಯದ ಸಂಗತಿ. ಆ ರಾತ್ರಿ ಅವನ ಊಟಕ್ಕೆ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ.

ಮರುದಿನ ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಲು ನಿಂತಾಗ ಭಾಗಮ್ಮ ಬಂದಳು. ಹಿಂದೆ ಓಣಿಯ ಹೆಂಗಸರೆಲ್ಲ ಇದ್ದರು, ಜೊತೆಗೆ ಸರ್ದಾರನ ಹೆಂಡತಿ, ಬಟ್ಟೆ ಹೊಲಿಯುವ ತಾಜುನ್ನಿಸಾ.

"ಶಾಂತ್ಯಾ, ನಿನಗ ಜಪಾನಿಂದ ಕರೀ ಬಂದದಂತಲ್ಲೋ. ಏನ್ ಕಳಸ್ತಿ?"

"ಫೋಟೊ ಕಳಸ್ತೀನಿ ಆಯಿ. ನಿಮ್ಮ ಜೊತಿ ಇದ್ದೀವಿ ಅಂತ ಬರದು."

"ಅಲ್ಲಿ ಭಾಳ ಥಂಡಿ ಅದಂತಲ್ಲ."

"ಭಾಳ ಅದ. ನೀರು ಕಲ್ಲಾಗ್ತದಂತ."

"ಮತ್ತ ಆ ಮಂದಿ ನಿನ್ನ ಫೋಟೊ ಹೊತ್ಕೊಂಡು ಮಲಗ್ತಾರೇನು?"

ಮೂವತ್ತೆರಡು ಮಕ್ಕಳೂ ಮಾಸ್ತರನ ಮುಖ ನೋಡಿದರು. ಮಾಸ್ತರ ಮೊಬೈಲಿನ ಮುಖ ನೋಡಿದ.

"ಕೌದಿ ಹೊಲದು ಕಳಸೋಣು," ಎಂದಳು ಭಾಗಮ್ಮ. "ಆದ್ರ ನಿನ್ನ ಮ್ಯಾಲ ನನಗ ನಂಬಿಗಿಲ್ಲ. ಆ ಜಪಾನು ಖರೇ ಅದನೋ, ಇಲ್ಲಾ ನಿನ್ನ ಕರಿ ಬೆಲ್ಟಿನಂಗ ಅದನೋ ಯಾರಿಗಿ ಗೊತ್ತು. ಕೌದಿ ಮುಟ್ಟ್ಯಾವ ಅಂತ ಅಲ್ಲಿಂದ ಉತ್ತರ ಬರಬೇಕು. ಬಂದ್ರ ಈ ಭವನ ಕಾಯಂ ನಿಂದು. ಯುಗಾದಿತನ ಬರಲಿಲ್ಲಂದ್ರ ಮರುದಿನ ನಮ್ಮ ಶಾವಿಗಿ ಒಳಗ, ನಿನ್ನ ಕರಾಟೆ ಹೊರಗ."

ಚಿತ್ತಾಪುರದಲ್ಲಿ ಬೇರೆ ಜಾಗವಿರಲಿಲ್ಲ. ಭವನ ಹೋದರೆ ಕರಾಟೆಯೂ ಹೋದಂತೆ, ಉಳಿಯುವುದು ಜೆರಾಕ್ಸ್ ಮಾತ್ರ. ಶಾಂತಕುಮಾರ ಎದೆ ಉಬ್ಬಿಸಿ ಒಪ್ಪಿಕೊಂಡ.

ಆಮೇಲೆ ಒಂದು ತಿಂಗಳು ಭವನದಲ್ಲಿ ನಡೆದದ್ದು ಕರಾಟೆಯೋ ಕೌದಿಯೋ ಹೇಳುವುದು ಕಷ್ಟ. ಮನೆಮನೆಯಿಂದ ಹಳೆಯ ಸೀರೆ, ಸವೆದ ಧೋತರ ಬಂದವು. ತಾಜುನ್ನಿಸಾ ತನ್ನ ಅಂಗಡಿಯ ಚಿಂದಿಯನ್ನೆಲ್ಲ ತಂದು ಸುರಿದಳು. ಮದುವೆ ಸೀರೆಯ ತುಂಡಿನ ಪಕ್ಕದಲ್ಲಿ ಪೊಲೀಸ್ ಪ್ಯಾಂಟಿನ ತುಂಡು, ಅದರ ಪಕ್ಕದಲ್ಲಿ ಈದಿನ ಕುರ್ತಾ. ಕರಾಟೆಗೆ ಒಂದು ಮೂಲೆ ಮಾತ್ರ ಉಳಿಯಿತು. ಮಾಸ್ತರ ಕಾಲು ಎತ್ತಿದರೆ "ಕಾಲ ಇಳಸೋ, ಸೂಜಿ ಅವ" ಎಂದು ಎಂಟು ಬಾಯಿ ಒಟ್ಟಿಗೆ ಹೇಳುತ್ತಿದ್ದವು. ಮಕ್ಕಳು ಸೂಜಿಗೆ ದಾರ ಪೋಣಿಸಿಕೊಟ್ಟು ಓಸ್ ಎನ್ನುತ್ತಿದ್ದರು. ಕೊನೆಗೆ ಹೆಂಗಸರೂ ಓಸ್ ಎನ್ನತೊಡಗಿದರು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಭಾಗಮ್ಮ ಪ್ರತಿಯೊಂದರಲ್ಲೂ ಒಂದು ತುಂಡು ಕಡಕ್ ಜೋಳದ ರೊಟ್ಟಿ ಇಡುತ್ತಿದ್ದಳು. ಅದು ಓಣಿಯ ಹಳೆಯ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಕೌದಿಗೆ ಒಂದು ತುತ್ತು ಉಣಿಸಿಯೇ ಬಾಯಿ ಹೊಲಿಯಬೇಕು. ಇಪ್ಪತ್ತೊಂದು ಕೌದಿ, ಇಪ್ಪತ್ತೊಂದು ತುತ್ತು.

ಫೆಬ್ರವರಿಯ ಮೊದಲ ಶುಕ್ರವಾರ ಸರ್ದಾರನ ಟಂಟಂ ಮೇಲೆ ಕೌದಿ ಹೇರಿ, ಕೌದಿಗಳ ಮೇಲೆ ಭಾಗಮ್ಮನನ್ನು ಹೇರಿ, ಎಲ್ಲರೂ ವಾಡಿಗೆ ಹೋದರು. ಸಂಘದ ಕಾರ್ಯದರ್ಶಿ ಅರುಣಕುಮಾರ ಅಲ್ಲಿಗೆ ಬಂದು ಸಾಮಾನು ಜಮಾ ಮಾಡಿ ಮುಂಬೈಗೆ ಒಯ್ಯುವವನಿದ್ದ. ಅವನು ನಿಜವಾದ ಕರಿ ಬೆಲ್ಟಿನವನು. ಸ್ಟೇಷನ್ನಿನ ಹೊರಗೆ ಮೇಜು ಹಾಕಿಕೊಂಡು, ಕನ್ನಡಕ ಏರಿಸಿ ಫಾರಂ ತೆಗೆದ.

"ಒಳಗ ಏನೇನು ಅವ ಹೇಳ್ರಿ. ಬರೀಬೇಕು."

"ಹಳೆ ಸೀರಿ, ಹಳೆ ಧೋತರ ಸರ್," ಎಂದ ಶಾಂತಕುಮಾರ.

"ಮತ್ತ ರೊಟ್ಟಿ," ಎಂದಳು ಭಾಗಮ್ಮ ಟಂಟಂ ಮೇಲಿಂದ.

ಅರುಣಕುಮಾರನ ಪೆನ್ನು ನಿಂತಿತು. "ರೊಟ್ಟಿ?"

"ಜೋಳದ್ದು. ಎಲ್ಲಾದ್ರಾಗೂ ಅದ. ಬರಕೋ."

"ಅಮ್ಮಾ, ತಿನ್ನೋ ಸಾಮಾನು ಕಳಸಂಗಿಲ್ರೀ. ಪಟ್ಟಿಯಾಗ ಮೊದಲ್ನೇ ನಿಯಮಾನೇ ಅದು. ಮಾಸ್ತರಿಗಿ ಕಳಸೀನಲ್ಲ."

"ಅದು ತಿನ್ನಾಕಲ್ಲಪ್ಪ. ಕೌದಿಗಿ."

"ಕೌದಿ ತಿಂತದೇನ್ರೀ?"

"ನೀ ಉಪಾಸ ಕೂಡ್ತೀಯೇನು?"

ಅರುಣಕುಮಾರನಿಗೆ ಕರಾಟೆಯಲ್ಲಿ ನಲವತ್ತು ಬಗೆಯ ಏಟು ತಡೆಯಲು ಬರುತ್ತಿತ್ತು. ಇದು ನಲವತ್ತೊಂದನೆಯದು. ಅವನು ಶಾಂತಕುಮಾರನ ಕಡೆ ತಿರುಗಿದ. "ಮಾಸ್ತರ, ಬರೋ ಶುಕ್ರವಾರ ಕೊನೇ ಲಾಟು. ರೊಟ್ಟಿ ತಗದು ತರ್ರಿ. ಇಲ್ಲಂದ್ರ ಕೌದಿ ಇಲ್ಲೇ."

ವಾಪಸು ಬರುವಾಗ ಭಾಗಮ್ಮ ತೀರ್ಪು ಕೊಟ್ಟಳು. "ರೊಟ್ಟಿ ತಗಿಯಂಗಿಲ್ಲ. ಮನಿ ಬಿದ್ದವರಿಗಿ ಹಸಿದ ಕೌದಿ ಕೊಟ್ಟೀವಂದ್ರ ನಾಳಿ ಮ್ಯಾಲ ಹೋಗಿ ಏನ್ ಮಾರಿ ತೋರಸ್ಲಿ?"

ರೊಟ್ಟಿ ತೆಗೆದರೆ ಭಾಗಮ್ಮ ಬಿಡುವುದಿಲ್ಲ, ತೆಗೆಯದಿದ್ದರೆ ಅರುಣಕುಮಾರ ಬಿಡುವುದಿಲ್ಲ. ಕೌದಿ ಹೋಗದೆ ಉತ್ತರವಿಲ್ಲ, ಉತ್ತರವಿಲ್ಲದೆ ಭವನವಿಲ್ಲ. ಶಾಂತಕುಮಾರ ಮೂರು ದಿನ ಯೋಚಿಸಿದ. ಆ ಮೂರು ದಿನ ಜೆರಾಕ್ಸಿಗೆ ಬಂದ ವಕೀಲರಿಗೆಲ್ಲ ಖಾಲಿ ಹಾಳೆಯ ನಕಲೇ ಸಿಕ್ಕಿತು. ನಾಲ್ಕನೆಯ ದಿನ ತಲೆಯಲ್ಲಿ ದೀಪ ಹತ್ತಿತು. ರೊಟ್ಟಿ ಪುಡಿಯಾದರೆ ರೊಟ್ಟಿ ಎಲ್ಲಿಯದು? ಅದು ಧೂಳು. ಧೂಳನ್ನು ಯಾವ ದೇಶ ತಡೆದೀತು? ಒಳಗೇ ಇರುತ್ತದೆ, ಇದ್ದೂ ಇರುವುದಿಲ್ಲ. ಭಾಗಮ್ಮನಿಗೂ ಸರಿ, ಜಪಾನಿಗೂ ಸರಿ.

ಸಂಜೆ ಭವನದ ಬಾಗಿಲು ಹಾಕಿಸಿ ಮಕ್ಕಳನ್ನು ಕೌದಿಗಳ ಸುತ್ತ ಕೂಡಿಸಿದ. ರೊಟ್ಟಿ ಯಾವ ಮೂಲೆಯಲ್ಲಿದೆ ಎಂದು ಅವನು ಗುರುತು ಇಟ್ಟಿರಲಿಲ್ಲ, ಆದ್ದರಿಂದ ನಾಲ್ಕೂ ಮೂಲೆಗೆ ಹೊಡೆಯಬೇಕು ಎಂದು ಹೇಳಿಕೊಟ್ಟ. ಮೊದಲ ಏಟು ತಾನೇ ಹಾಕಿದ. ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು, ಗಂಟಲಲ್ಲಿದ್ದ ಶಬ್ದವನ್ನೆಲ್ಲ ಹೊರಗೆ ಬಿಟ್ಟು ಹೊಡೆದ. ಒಳಗೆ ಕರ್ ಎಂದಿತು. ಹದಿನಾರು ವರ್ಷದ ಸಾಧನೆಯಲ್ಲಿ ಅವನ ಕೈಯಿಂದ ಮುರಿದ ಮೊದಲ ವಸ್ತು ಅದು. ಅವನ ಕಣ್ಣಲ್ಲಿ ನೀರು ಬಂತು, ಸ್ವಲ್ಪ ಸಂತೋಷಕ್ಕೆ, ಉಳಿದದ್ದು ಕೈನೋವಿಗೆ.

ಆಮೇಲೆ ಮೂವತ್ತೆರಡು ಮಕ್ಕಳು ಎಂಬತ್ತನಾಲ್ಕು ಮೂಲೆಗಳ ಮೇಲೆ ಬಿದ್ದರು. ಆ ಸದ್ದು ಕಾಗಿಣಾ ಹೊಳೆ ದಾಟಿ ದಂಡೋತಿಯವರೆಗೆ ಕೇಳಿಸಿತು ಎಂದು ಜನ ಹೇಳುತ್ತಾರೆ. ದಂಡೋತಿಯವರು ಸುಳ್ಳು ಹೇಳುವವರಲ್ಲ.

ಬಾಗಿಲು ಹಾಕಿಸಿದವನು ಕಿಟಕಿ ಮರೆತಿದ್ದ. ಕಿಟಕಿಯಲ್ಲಿ ಮೊದಲು ತಾಜುನ್ನಿಸಾಳ ಮುಖ ಕಂಡಿತು, ಆಮೇಲೆ ಬಸವೇಶ್ವರಿಯದು, ಆಮೇಲೆ ಓಣಿಯ ಅಷ್ಟೂ ಮುಖಗಳು. ನಡುವೆ ದಾರಿ ಮಾಡಿಕೊಂಡು ಭಾಗಮ್ಮನ ಮುಖ ಬಂತು.

"ಶಾಂತ್ಯಾ," ಎಂದಳು ಮೆಲ್ಲಗೆ. "ಕೌದಿ ನಿನಗೇನ್ ಮಾಡ್ಯಾವೋ?"

ಶಾಂತಕುಮಾರ ಬಾಗಿಲು ತೆರೆದು ಪುಡಿಯ ಲೆಕ್ಕಾಚಾರ ವಿವರಿಸಿದ. ತನ್ನ ಜಾಣತನಕ್ಕೆ ಸಾಕ್ಷಿ ಬೇಕೆಂದು ಅಲ್ಲೇ ಅರುಣಕುಮಾರನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ.

"ಸರ್, ರೊಟ್ಟಿ ಈಗ ರೊಟ್ಟಿ ಉಳಿದಿಲ್ಲ. ಪುಡಿ ಆಗ್ಯಾದ."

"ಪುಡಿ?" ಎಂದಿತು ಫೋನು. "ಮಾಸ್ತರ, ರೊಟ್ಟಿ ಇದ್ರ ಬರೇ ಕೌದಿ ವಾಪಸ್ ಬರ್ತಿದ್ವು. ಬಟ್ಟಿಯೊಳಗ ಬಿಳೇ ಪುಡಿ ಸಿಕ್ರ ನಿಮ್ಮನ್ನ, ನನ್ನ, ಆ ಟಂಟಂದವನ್ನ ಎಲ್ಲಾರ್ನೂ ಹಿಡಕೊಂಡು ಒಯ್ತಾರ. ಹ್ಯಾಂಗರೆ ಮಾಡಿ ತಗೀರಿ."

ಸರ್ದಾರ ಹಿಂದಿನಿಂದ, "ನಂದೇನ್ ಅದ ಇದ್ರಾಗ? ನಾ ಬರೇ ಗಾಡಿ," ಎಂದ.

ಶಾಂತಕುಮಾರ ಗೋಡೆಗೆ ಒರಗಿ ಕೂತುಬಿಟ್ಟ. ಮಕ್ಕಳು ಅವನ ಸುತ್ತ ಕೂತರು. ಅವರಲ್ಲಿ ಚಿಕ್ಕವಳಾದ ಐಶ್ವರ್ಯ ಕೇಳಿದಳು. "ಸರ್, ಮತ್ತ ಆ ಊರಿನ ಕರಾಟೆ ಕಲಿಯೋ ಹುಡುಗ್ರು ಥಂಡ್ಯಾಗೇ ಮಲಗ್ತಾರೇನು?"

ಭಾಗಮ್ಮ ಅವಳನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಿಚ್ಚರ್ರಿ," ಎಂದಳು.

ಹೆಂಗಸರು ಮೂಲೆ ಬಿಚ್ಚಿದರು. ಪುಡಿಯೆಲ್ಲ ಪರಾತಕ್ಕೆ ಬಿತ್ತು. ಬಸವೇಶ್ವರಿ ಅದನ್ನು ಹೊರಗೆ ಕೊಡಹಲು ಹೊರಟಾಗ ಭಾಗಮ್ಮ ತಡೆದಳು. "ಅನ್ನ ಅದು, ಚೆಲ್ಲಂಗಿಲ್ಲ. ಬೆಲ್ಲ ತಾ." ದಾರದ ಎಳೆಗಳನ್ನು ಹೆಕ್ಕಿ, ಬೆಲ್ಲ ತುಪ್ಪ ಕಲಸಿ ಮಾಲದಿ ಮಾಡಿ ಮೂವತ್ತೆರಡು ಕೈಗೆ ಹಂಚಿದರು. ಕರಾಟೆ ಏಟಿಗೆ ಅಷ್ಟು ನುಣ್ಣಗಾದ ಮಾಲದಿ ಚಿತ್ತಾಪುರದಲ್ಲಿ ಹಿಂದೆ ಯಾರೂ ತಿಂದಿರಲಿಲ್ಲ.

"ಈಗ ಕೌದಿಗೇನು ಇಡೋದು ಅಮ್ಮಾ?" ಎಂದು ತಾಜುನ್ನಿಸಾ ಕೇಳಿದಳು.

ಶಾಂತಕುಮಾರ ಮೊದಲ ಸಲ ಪಟ್ಟಿಯನ್ನು ಪೂರಾ ಓದಿದ. ಕಾಳಿಲ್ಲ, ಬೀಜವಿಲ್ಲ, ಮಣ್ಣಿಲ್ಲ, ಎಲೆಯಿಲ್ಲ. "ಬಟ್ಟಿ ಒಂದೇ ನಡೀತದ ಆಯಿ."

"ಬಟ್ಟಿಯೊಳಗ ಬಟ್ಟಿ ಇಟ್ರ ಅದು ತುತ್ತು ಹ್ಯಾಂಗಾಗ್ತದೋ ಹುಚ್ಚಾ? ತುತ್ತು ಅಂದ್ರ ತಾ ಉಣ್ಣೋದ್ರಾಗಿಂದು ಮುರದು ಕೊಡೋದು. ಹಳೇ ಸೀರಿ ನಾವು ಹ್ಯಾಂಗೂ ಬಿಸಾಡ್ತಿದ್ವಿ. ರೊಟ್ಟಿ ನಮ್ಮ ಬಾಯಾಗಿಂದು ಇತ್ತು."

ಶಾಂತಕುಮಾರ ಯಾವುದನ್ನೂ ಯೋಚಿಸಿ ಮಾಡಿದವನಲ್ಲ. ಯೋಚಿಸಿದಾಗ ಏನಾಗುತ್ತದೆಂದು ಎಲ್ಲರೂ ಈಗಷ್ಟೇ ನೋಡಿದ್ದರು. ಈ ಸಲ ಅವನು ಯೋಚಿಸಲಿಲ್ಲ. ಎದ್ದು ನಿಂತು, ನಡುವಿನ ಬೆಲ್ಟು ಬಿಚ್ಚಿ ತಾಜುನ್ನಿಸಾಳ ಮುಂದೆ ಇಟ್ಟ. ಅಂಗಿ ತೆರೆದುಕೊಂಡು ಒಳಗಿನ ತೂತು ಬನಿಯನ್ನು ಊರಿಗೆಲ್ಲ ಕಂಡಿತು.

"ಇಪ್ಪತ್ತೊಂದು ಆಗ್ತಾವೇನು ನೋಡ್ರಿ."

ತಾಜುನ್ನಿಸಾ ಕತ್ತರಿ ಹಿಡಿದು ತಡೆದಳು. "ಮಾಸ್ತರ್, ಖರೇ ಕತ್ತರಸ್ಲೇನು? ಆಮ್ಯಾಲ ಮೊದಲಿನಂಗ ಆಗಂಗಿಲ್ಲ."

"ಕತ್ತರಸ್ರಿ. ಆದ್ರ ನಾ ಆ ಕಡಿ ಮಾರಿ ಮಾಡ್ತೀನಿ."

ಕತ್ತರಿಯ ಒಂದೊಂದು ಸದ್ದಿಗೂ ಅವನ ಹೆಗಲು ಕುಣಿಯಿತು. ಭಾಗಮ್ಮ ಇಪ್ಪತ್ತೊಂದು ತುಂಡನ್ನೂ ತಾನೇ ಇಟ್ಟು ಹೊಲಿದಳು. ಹೊಲಿಯುವಾಗ ಅವಳು ಅವನನ್ನು ಒಮ್ಮೆಯೂ ಬೈಯಲಿಲ್ಲ. ಅದನ್ನು ಕೇಳಿ ಓಣಿಗೆಲ್ಲ ಸ್ವಲ್ಪ ಗಾಬರಿಯಾಯಿತು.

ಶುಕ್ರವಾರ ವಾಡಿಯಲ್ಲಿ ಅರುಣಕುಮಾರ ಮೂಲೆ ಮುಟ್ಟಿ ನೋಡಿದ. "ಇದೇನ್ರೀ ಗಟ್ಟಿ?"

"ನಮ್ಮ ಮಾಸ್ತರನ ಬೆಲ್ಟು," ಎಂದಳು ಭಾಗಮ್ಮ. "ಬಟ್ಟಿ ಅಂತ ಬರಕೋ."

ಅವನು ಶಾಂತಕುಮಾರನ ನಡುವನ್ನು ನೋಡಿದ. ಅಲ್ಲಿ ಬಸವೇಶ್ವರಿಯ ಲಂಗದ ಲಾಡಿ ಇತ್ತು. ಏನೂ ಕೇಳದೆ ಬರೆದುಕೊಂಡ.

ಕೌದಿ ಹೋದವು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಬಿಸಿಲು ಬಂತು. ಶಾಂತಕುಮಾರ ದಿನಕ್ಕೆ ನಾಲ್ಕು ಸಲ ಟಪಾಲಿನ ಸಿದ್ಧಲಿಂಗನನ್ನು ತಡೆದು ಕೇಳುತ್ತಿದ್ದ. ಕೊನೆಗೆ ಸಿದ್ಧಲಿಂಗ ಕೋರ್ಟಿನ ರಸ್ತೆ ಬಿಟ್ಟು ಸಂದಿಯಲ್ಲಿ ಸೈಕಲ್ ಹೊಡೆಯತೊಡಗಿದ. ಯುಗಾದಿ ಬಂತು, ಬೇವು ಬೆಲ್ಲ ತಿಂದಾಯಿತು. ಶಾಂತಕುಮಾರನ ಪಾಲಿಗೆ ಬೇವೇ ಬಹಳ ಬಂತು. ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಭವನದಲ್ಲಿ ಹಗ್ಗ ಕಟ್ಟಿ ಹಸಿ ಶಾವಿಗೆ ಇಳಿಬಿಟ್ಟರು. ಶಾಂತಕುಮಾರ ಗೋಡೆಯ ಮೇಲಿನ ಕರಾಟೆ ಚಿತ್ರಗಳನ್ನು ಬಿಚ್ಚಿ ಸುರುಳಿ ಸುತ್ತುತ್ತಿದ್ದ. ಅವನ ಮುಖ ನೋಡಲಾರದೆ ಭಾಗಮ್ಮ ಶಾವಿಗೆಯನ್ನೇ ನೋಡುತ್ತಿದ್ದಳು. ಆಗ ಸಿದ್ಧಲಿಂಗ ತಾನಾಗಿ ಬಾಗಿಲಿಗೆ ಬಂದ.

"ಮಾಸ್ತರ, ಓಡ್ಬ್ಯಾಡ್ರಿ, ಇವತ್ತ ನಾನೇ ಬಂದೀನಿ. ಜಪಾನಿಂದ ಪುಡಕಿ ಬಂದದ."

ಪೊಟ್ಟಣದೊಳಗೆ ಒಂದು ಫೋಟೊ ಇತ್ತು. ದೊಡ್ಡ ಹಾಲಿನಲ್ಲಿ ಬಿಳಿ ಬಟ್ಟೆಯ ಮಕ್ಕಳು, ಎಲ್ಲರ ಹೆಗಲ ಮೇಲೂ ಕೌದಿ. ತನ್ನ ಮದುವೆಯ ಸೀರೆಯ ತುಂಡನ್ನು ಬಸವೇಶ್ವರಿ ಕೂಡಲೇ ಗುರುತಿಸಿದಳು. ಜೊತೆಗೆ ಒಂದು ಪತ್ರ. ಮೊಬೈಲಿನಿಂದ ಕನ್ನಡ ಮಾಡಿಸಿದ್ದರು. ಶಾಂತಕುಮಾರ ಗಟ್ಟಿಯಾಗಿ ಓದಿದ.

"ಗೌರವದ ಗುರುಗಳಿಗೆ ನಮಸ್ಕಾರ. ಹೊದಿಕೆಗಳು ಬಹಳ ಬೆಚ್ಚಗಿವೆ. ಒಂದು ವಿಷಯಕ್ಕೆ ಕ್ಷಮೆ ಕೇಳುತ್ತೇವೆ. ನಿಮ್ಮ ಬೆಲ್ಟಿನ ತುಂಡುಗಳು ತಪ್ಪಿ ಹೊದಿಕೆಗಳ ಒಳಗೆ ಸೇರಿಹೋಗಿದ್ದವು. ನೀವು ಎಷ್ಟು ಹುಡುಕಿರಬೇಕು ಎಂದು ನಮಗೆ ನಿದ್ರೆ ಬರಲಿಲ್ಲ. ಎಲ್ಲ ಮೂಲೆಗಳನ್ನೂ ಬಿಚ್ಚಿ, ಇಪ್ಪತ್ತೊಂದು ತುಂಡುಗಳನ್ನೂ ಜೋಡಿಸಿ ಹಿಂದಿರುಗಿಸುತ್ತಿದ್ದೇವೆ."

ಪೊಟ್ಟಣದ ತಳದಲ್ಲಿ ಬೆಲ್ಟು ಇತ್ತು. ಇಪ್ಪತ್ತೊಂದು ತುಂಡು, ಇಪ್ಪತ್ತು ಜೋಡಣೆ, ಇರುವೆ ಸಾಲಿನಂಥ ಹೊಲಿಗೆ.

ಭಾಗಮ್ಮ ಹಣೆ ಹಣೆ ಬಡಿದುಕೊಂಡಳು. "ಹಾಳಾತು. ತುತ್ತು ಕಸದು ವಾಪಸ್ ಕಳಸ್ಯಾರಲ್ಲೋ. ಕೌದಿ ಹಸಿದ್ವಲ್ಲೋ."

"ತಡಿ ಆಯಿ, ಇನ್ನೊಂದು ಸಾಲು ಅದ," ಎಂದ ಶಾಂತಕುಮಾರ. ಈ ಸಲ ಅವನು ಕೊನೆಯವರೆಗೂ ಓದಿದ. "ಮೂಲೆಯನ್ನು ಖಾಲಿ ಮುಚ್ಚಲು ನಮ್ಮ ಅಜ್ಜಿಯೊಬ್ಬರು ಒಪ್ಪಲಿಲ್ಲ. ಬಿದ್ದ ಮನೆಯಲ್ಲಿ ಉಳಿದಿದ್ದ ಅವರ ಅಕ್ಕಿಯಿಂದ ನಾಲ್ಕು ನಾಲ್ಕು ಕಾಳು ಇಟ್ಟು ಹೊಲಿದಿದ್ದಾರೆ. ಯಾಕೆಂದು ಅವರಿಗೂ ಗೊತ್ತಿಲ್ಲವಂತೆ. ನಿಮ್ಮ ಅನುಮತಿ ಕೇಳದೆ ಮಾಡಿದ್ದಕ್ಕೆ ಕ್ಷಮಿಸಿ."

ಭಾಗಮ್ಮ ಫೋಟೊ ಕೈಗೆ ತೆಗೆದುಕೊಂಡು, ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಸುಕ್ಕುಮುಖದ ಮುದುಕಿಯ ಮೇಲೆ ಬೆರಳಿಟ್ಟಳು.

"ಈಕೀನೇ ಇರಬೇಕು. ನಮ್ಮ ಕಡಿಯಾಕಿ ಇದ್ದಾಳ, ಹ್ಯಾಂಗೋ ಅಲ್ಲಿ ಹೋಗ್ಯಾಳ."

ಆಮೇಲೆ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಶಾಂತಕುಮಾರನ ಕೈಗೆ ಹಾಕಿದಳು. "ಯುಗಾದಿ ಮುಗಿದು ಒಂದು ದಿನ ಆಗ್ಯಾದ. ಆದ್ರ ಅಷ್ಟು ದೂರದಿಂದ ನಡಕೋತ ಬರಬೇಕಲ್ಲ, ಬಿಡು. ಭವನ ನಿಂದು. ಶಾವಿಗಿ ಮಾತ್ರ ಒಣಗೋತನ ಯಾರೂ ಕಾಲ ಎತ್ತಬ್ಯಾಡ್ರಿ."

ಸಂಜೆ ಶಾಂತಕುಮಾರ ಇಪ್ಪತ್ತೊಂದು ತುಂಡಿನ ಬೆಲ್ಟು ಬಿಗಿದು ಶಾವಿಗೆಯ ಕೆಳಗೆ ನಿಂತ. ಸರ್ದಾರ ಅಷ್ಟರಲ್ಲಾಗಲೇ ಶಹಾಬಾದಿಗೆ ಸುದ್ದಿ ಮುಟ್ಟಿಸಿದ್ದ, ಕರಿ ಬೆಲ್ಟಿಗಿಂತ ಮೇಲಿನ ಬೆಲ್ಟು, ಜಪಾನಿನವರೇ ಹೊಲಿದು ಕಳಿಸಿದ್ದು, ಜಗತ್ತಿನಲ್ಲಿ ಒಂದೇ ಒಂದು ಎಂದು. ಸರ್ದಾರ ಹೇಳಿದ ಮಾತೊಂದು ಪೂರಾ ನಿಜವಾದದ್ದು ಅದೇ ಮೊದಲು.

ಮಕ್ಕಳು ಸಾಲಾಗಿ ನಿಂತರು. ಮಾಸ್ತರ ಎಣಿಕೆ ಹೇಳಿದ. ಮೂವತ್ತೆರಡು ಮಕ್ಕಳೂ ಬಲಕ್ಕೆ ತಿರುಗಿದರು. ಶಾಂತಕುಮಾರ ಎಡಕ್ಕೆ ತಿರುಗಿ, ಮೂಗು ಮುಂದೆ ಮಾಡಿಕೊಂಡು ನೇರ ಶಾವಿಗೆಯೊಳಗೆ ಹೋದ. ತಲೆಯ ಮೇಲೆ, ಕಿವಿಯ ಮೇಲೆ, ಮೀಸೆಯ ಮೇಲೆ ಶಾವಿಗೆ ಇಳಿಬಿದ್ದವು.

ಎಲ್ಲರೂ ಭಾಗಮ್ಮನ ಕಡೆ ನೋಡಿದರು. ಭಾಗಮ್ಮ ಮೆಲ್ಲಗೆ ಎದ್ದು, ನೂರಾ ಹತ್ತು ವರ್ಷದ ಬೆನ್ನನ್ನು ಬಗ್ಗಿಸಿ, ಶಾವಿಗೆಯೊಳಗಿದ್ದ ಮಾಸ್ತರನಿಗೆ ಕೈಮುಗಿದಳು.

"ಓಸ್," ಎಂದಳು.